ಕಾರ್ಪೆಟ್ ಎಷ್ಟು, ರಾಯ್ರೆ?

ಬೇಲಿಯಾಚೆ ನಿಂತು ಹರಟೆ ಹೊಡೆಯಬೇಕಾದರೆ ಮೊದಲು ಬೇಲಿ ಬೇಕು. ಬೇಲಿ ಬೇಕಾದರೆ ಹಿತ್ತಿಲು ಬೇಕು. ಮುಂಬಯಿಯ ಕರಿ ರೋಡ್ ಸ್ಟೇಷನ್ನಿನ ಹತ್ತಿರದ ನಮ್ಮ ಕಟ್ಟಡಕ್ಕೆ ಎರಡೂ ಇಲ್ಲ. ಇರುವುದು ಒಂದು ಹೌಸ್ ಗಲ್ಲಿ. ಎರಡು ಕಟ್ಟಡಗಳ ನಡುವೆ ಒಬ್ಬ ಮನುಷ್ಯ ಭುಜ ಓರೆ ಮಾಡಿಕೊಂಡು ದಾಟಬಹುದಾದ ಸಂದಿ. ಕೆಳಗೆ ಚರಂಡಿ, ಗೋಡೆಯುದ್ದಕ್ಕೂ ಪೈಪು, ಪೈಪಿನ ಮೇಲೆ ಪಾರಿವಾಳ. ಆ ಸಂದಿಯ ಆಚೆ ಶೆಟ್ರ ಅಡುಗೆಮನೆಯ ಕಿಟಕಿ, ಈಚೆ ನಮ್ಮದು. ಅವರಲ್ಲಿ ಬಂಗುಡೆ ಗಸಿಯೋ ಕಾಣೆ ಫ್ರೈಯೋ ಎಂಬುದು ಅವರು ಎಲೆಯ ಮುಂದೆ ಕೂರುವ ಮೊದಲೇ ನಮಗೆ ಗೊತ್ತು. ನಮ್ಮಲ್ಲಿ ಏನು ಜಗಳ ಎಂಬುದು ಜಗಳ ಮುಗಿಯುವ ಮೊದಲೇ ಅವರಿಗೆ ಗೊತ್ತು.

ಹೀಗಿರುವಾಗ ಮಗ, ಸೊಸೆ ಸ್ವಂತ ಮನೆ ಕೊಳ್ಳುವ ಮಾತೆತ್ತಿದ್ದು ಗುಟ್ಟಾಗಿ ಉಳಿಯುವುದುಂಟೆ?

“ಎಂತ ರಾಯ್ರೆ, ಟವರಿಗೆ ಹೋಗ್ತೀರಂತೆ?”

“ನಾನಲ್ಲ ಶೆಟ್ರೆ, ಮಗ.”

“ಮಗ ಹೋದ್ರೆ ನೀವು ಇಲ್ಲಿ ಒಬ್ರೇ ಕೂತು ಪಾರಿವಾಳ ಲೆಕ್ಕ ಮಾಡುದಾ?”

ನಾನೂ ಶೆಟ್ರೂ ಪಗಡಿಯವರು. ಊರಿನಿಂದ ಬಂದ ನೆಂಟರಿಗೆ ಈ ಪಗಡಿ ವಿವರಿಸುವಷ್ಟರಲ್ಲಿ ಅವರ ರಜೆ ಮುಗಿದಿರುತ್ತದೆ. ಮನೆ ನಮ್ಮದಲ್ಲ, ಆದರೆ ನಮ್ಮನ್ನು ಬಿಡಿಸುವ ಹಾಗೂ ಇಲ್ಲ. ಒಳಗೆ ಬರುವಾಗ ದೊಡ್ಡ ಗಂಟು ಕೊಟ್ಟಿದ್ದೇವೆ. 1947ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕೃಪೆಯಿಂದ ತಿಂಗಳ ಬಾಡಿಗೆ ಈಗಲೂ ಹೋಟೆಲಿನ ಊಟದ ಬಿಲ್ಲಿನಷ್ಟು. ಬಿಟ್ಟು ಹೋಗುವಾಗ ಹೊಸಬರಿಂದ ಪಗಡಿ ತೆಗೆದುಕೊಂಡು ಅದರಲ್ಲಿ ಮಾಲೀಕರಿಗೊಂದು ಪಾಲು ಕೊಡಬೇಕು. ದಶಕಗಟ್ಟಲೆ ಕಣ್ಮರೆಯಲ್ಲಿ ನಡೆದ ಈ ವ್ಯವಹಾರಕ್ಕೆ 1999ರ ಹೊಸ ಕಾಯ್ದೆ ಠಸ್ಸೆ ಒತ್ತಿತು. ಅಂತೂ ಮಾಲೀಕನಿಗೆ ರಿಪೇರಿ ಮಾಡಿಸುವ ಮನಸ್ಸಿಲ್ಲ, ನಮಗೆ ಬಿಡುವ ಮನಸ್ಸಿಲ್ಲ, ಕಟ್ಟಡಕ್ಕೆ ನಿಲ್ಲುವ ಮನಸ್ಸಿಲ್ಲ.

ಮಗನ ಕಚೇರಿ ಇರುವುದು ಜುಪಿಟರ್ ಮಿಲ್ಲು ನಿಂತಿದ್ದ ಜಾಗದಲ್ಲಿ ಎದ್ದ ಗಾಜಿನ ಕಟ್ಟಡದಲ್ಲಿ. ನಡೆದು ಹೋಗುವಷ್ಟು ಹತ್ತಿರ ಮನೆ ಬೇಕೆಂಬುದು ಅವನ ಹಟ. ಒಂದು ಭಾನುವಾರ ಕೈಯಲ್ಲಿ ಒಂದು ಬ್ರೋಷರ್ ಹಿಡಿದು ಬಂದ. ಮದುವೆ ಆಲ್ಬಮ್ಮಿನಷ್ಟು ದಪ್ಪದ ಕಾಗದ. ನಾನು ಕಿಟಕಿಯಲ್ಲಿ ನಿಂತು ಒಂದೊಂದೇ ಸೌಲಭ್ಯ ಓದುತ್ತ ಹೋದೆ, ಶೆಟ್ರು ಆಚೆಯಿಂದ ತೀರ್ಪು ಕೊಡುತ್ತ ಹೋದರು.

“ಮಲ್ಟಿಪರ್ಪಸ್ ಹಾಲ್.”

“ನಮ್ಮ ಗಣಪತಿ ಮಂಟಪ. ಮುಂದೆ?”

“ಅತ್ಯಾಧುನಿಕ ಜಿಮ್.”

“ವ್ಯಾಯಾಮಶಾಲೆ. ಲಾಲ್‌ಬಾಗಿನಲ್ಲಿ ಚಾಳಿಗೊಂದು ಇತ್ತಲ್ಲ. ಗದೆ, ಮಲ್ಲಕಂಬ, ಗೋಡೆಗೆ ಹನುಮಂತ. ಫೀಸು ಎಂಟಾಣೆ.”

“ಸೀನಿಯರ್ ಸಿಟಿಜನ್ ಕಾರ್ನರ್.”

“ಗ್ಯಾಲರಿಯ ಬೆಂಚು.”

“ಮೂರು ಹಂತದ ಭದ್ರತೆ.”

“ಮೆಟ್ಟಿಲ ಬುಡದಲ್ಲಿ ಬೆಳ್ಳುಳ್ಳಿ ಬಿಡಿಸ್ತಾ ಕೂತ ಅಜ್ಜಿ! ಯಾರು ಬಂದ್ರು, ಯಾರ ಖೋಲಿಗೆ ಹೋದ್ರು, ಎಷ್ಟು ಹೊತ್ತು ಕೂತ್ರು ಅಂತ ಕ್ಯಾಮರಾಕ್ಕೂ ಗೊತ್ತಾಗ್ತದೆ. ಯಾಕೆ ಬಂದ್ರು ಅಂತ ಗೊತ್ತಿರುದು ಅಜ್ಜಿಗೆ ಮಾತ್ರ.”

ನಾವಿಬ್ಬರೂ ಚಾಳಿನ ಗುಣಗಾನದಲ್ಲಿ ಮೈಮರೆತಿದ್ದಾಗ ಮೇಲಿನ ಮಹಡಿಯ ಕಿಟಕಿಯಿಂದ ಕಾಕು ಬಗ್ಗಿದರು. ಒಗೆದ ಸೀರೆ ಹಿಂಡಿ ಹರವುತ್ತಿದ್ದವರು. “ಆ ಪುಸ್ತಕದಲ್ಲಿ ಸಂಡಾಸು ಎಷ್ಟು ಅಂತ ಬರೆದಿದೆ?” ಎಂದು ಮರಾಠಿಯಲ್ಲಿ ಕೇಳಿದರು. ಎರಡು ಬೆಡ್‌ರೂಮಿಗೆ ಎರಡು ಎಂದೆ. “ಮನೆಯೊಳಗೇ?” ಹೌದು ಎಂದೆ. “ಹಾಗಾದ್ರೆ ಇಬ್ಬರೂ ಗಪ್ಪ ಕೂತ್ಕೊಳ್ಳಿ!”

ಕಾಕು ಹುಟ್ಟಿ ಬೆಳೆದದ್ದು ಎನ್.ಎಂ. ಜೋಶಿ ಮಾರ್ಗದ ಬಿ.ಡಿ.ಡಿ. ಚಾಳಿನಲ್ಲಿ. ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ 1920ರ ದಶಕದಲ್ಲಿ ವರಳಿ, ನಾಯಗಾಂವ್, ಶಿವಡಿಗಳಲ್ಲೂ ಇಂಥವನ್ನೇ ಕಟ್ಟಿತು. ಒಂದೊಂದು ಕಟ್ಟಡಕ್ಕೆ 80 ಖೋಲಿ, ಒಂದೊಂದು ಖೋಲಿ 160 ಚದರ ಅಡಿ, ಸಂಡಾಸು ಮಹಡಿಯವರಿಗೆಲ್ಲ ಸೇರಿ. ಆ ಖೋಲಿಯಲ್ಲಿ ಕಾಕುವಿನ ಅಪ್ಪ, ಅಮ್ಮ, ಆರು ಮಕ್ಕಳು, ಪಾಳಿ ಬದಲಾದಂತೆ ಬಂದು ಮಲಗಿ ಹೋಗುವ ಊರಿನ ಇಬ್ಬರು. ಬೆಳಿಗ್ಗೆ ಬಾಲ್ಡಿ ಹಿಡಿದು ಸಾಲಿನಲ್ಲಿ ನಿಂತವರ ಮುಂದೆ ನಿಮ್ಮ ನೆರೆಹೊರೆಯ ಪ್ರೀತಿಯ ಮಾತಾಡಿ ನೋಡಿ, ಬಾಲ್ಡಿ ನಿಮ್ಮ ತಲೆಯ ಮೇಲೆ ಬೀಳುತ್ತದೆ. ಚಾಳನ್ನು ನೆನೆದು ಗಂಟಲುಬ್ಬಿಸಿಕೊಳ್ಳುವವರೆಲ್ಲ ಚಾಳು ಬಿಟ್ಟು ಬಹಳ ವರ್ಷವಾದವರು ಎಂಬುದು ಕಾಕುವಿನ ಸಿದ್ಧಾಂತ. 2025ರ ಆಗಸ್ಟಿನಲ್ಲಿ ವರಳಿಯ ಬಿ.ಡಿ.ಡಿ.ಯ 556 ಕುಟುಂಬಗಳಿಗೆ 500 ಚದರ ಅಡಿಯ ಹೊಸ ಮನೆಯ ಬೀಗದ ಕೈ ಸಿಕ್ಕಿತು. ಅದನ್ನು ಟಿ.ವಿ.ಯಲ್ಲಿ ನೋಡುತ್ತ ಕಾಕು ಬಾಯಿ ಬಿಟ್ಟದ್ದು ಒಂದೇ ಸಲ: “ಫ್ಲಶ್ ತೋರಿಸಿ ಅಂತ ಹೇಳಿ ಆ ಟಿ.ವಿ.ಯವನಿಗೆ.”

ಈ ನೆಲಕ್ಕೆ ಇಷ್ಟು ಬೆಲೆ ಬಂದ ಬಗೆ ಮಗನಿಗೆ ಗೂಗಲ್ಲಿನಲ್ಲಿ ಸಿಕ್ಕರೆ, ಶೆಟ್ರಿಗೆ ಸಿಕ್ಕಿದ್ದು ಗಲ್ಲಾದಲ್ಲಿ. ಕಾವಸ್‌ಜಿ ನಾನಾಭಾಯಿ ದಾವರ್ 1854ರಲ್ಲಿ ಕಂಪನಿ ಮಾಡಿ ತಾಡದೇವಿನಲ್ಲಿ ಮೊದಲ ಹತ್ತಿ ಗಿರಣಿ ಎಬ್ಬಿಸಿದ ಮೇಲೆ ಭಾಯಖಳಾದಿಂದ ದಾದರಿನ ತನಕ ಚಿಮಣಿಗಳು ಎದ್ದವು. ಊರಿಗೇ ಗಿರಣಗಾಂವ್ ಎಂದು ಹೆಸರಾಯಿತು. ಕೊಂಕಣ, ಘಟ್ಟದ ಮೇಲಿನ ಸಾತಾರ, ಕೊಲ್ಲಾಪುರದವರು ಮಿಲ್ಲಿನ ಒಳಗೆ ಹೋದರು. ನಮ್ಮ ಉಡುಪಿ, ಕುಂದಾಪುರದವರು ಮಿಲ್ಲಿನ ಗೇಟಿನೆದುರು ಒಲೆ ಹೂಡಿದರು. ಶೆಟ್ರು ಎಂಟನೆಯ ಇಯತ್ತೆಗೆ ಶರಣು ಹೊಡೆದು ಮಾವನ ಹೋಟೆಲಿನಲ್ಲಿ ಟೇಬಲ್ ಒರೆಸಲು ನಿಂತವರು, ರಾತ್ರಿಶಾಲೆಯಲ್ಲಿ ಕನ್ನಡ ಕಲಿತವರು. ಭೋಂಗಾ ಮೊಳಗಿದರೆ ಪಾಳಿ ಬದಲು. ಭೋಂಗಾಕ್ಕೆ ಹತ್ತು ನಿಮಿಷ ಮೊದಲು ಉಸಳ್ ಕುದಿಯಬೇಕು, ಬಟಾಟೆವಡೆ ಎಣ್ಣೆಯಿಂದೇಳಬೇಕು. ತಿಂದವರು ದುಡ್ಡು ಕೊಡುವುದು ಪಗಾರದ ದಿನ. ಅಲ್ಲಿಯವರೆಗೆ ಉದ್ರಿ ವಹಿ. ಮನೆಯಲ್ಲೇ ಬೇಯಿಸಿ ಹಾಕುವ ಖಾನಾವಳಿಯ ಹೆಂಗಸರದೂ ಇದೇ ಕಥೆ; ಸಾಲದಲ್ಲಿ ಮುಳುಗಿದ್ದ ಅವರನ್ನೆಲ್ಲ ಕೂಡಿಸಿ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದು ಇದೇ ಗಲ್ಲಿಗಳಲ್ಲಿ.

1982ರ ಜನವರಿ 18ಕ್ಕೆ ಭೋಂಗಾ ನಿಂತಿತು. ಕಾರ್ಮಿಕ ನಾಯಕ ದತ್ತಾ ಸಾಮಂತರ ಮಾತಿಗೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಎರಡು ತಿಂಗಳಲ್ಲಿ ಮುಗಿಯುತ್ತದೆಂದು ಶೆಟ್ರ ಮಾವ ಉದ್ರಿ ಮುಂದುವರಿಸಿದರು. ಆ ಮುಷ್ಕರವನ್ನು ಇವತ್ತಿನವರೆಗೂ ಯಾರೂ ವಿಧಿವತ್ತಾಗಿ ಹಿಂತೆಗೆದುಕೊಂಡಿಲ್ಲ. “ಅಂದ್ರೆ ಲೆಕ್ಕದ ಪ್ರಕಾರ ಅವ್ರು ಇನ್ನೂ ಸ್ಟ್ರೈಕಿನಲ್ಲಿದ್ದಾರೆ, ನಮ್ಮ ಉದ್ರಿಯೂ ಇನ್ನೂ ಚಾಲ್ತಿಯಲ್ಲಿ ಉಂಟು” ಎನ್ನುತ್ತಾರೆ ಶೆಟ್ರು. ಮುಂಬಯಿಯ ಕಾರ್ಮಿಕರ ಹೋರಾಟದ ಸುತ್ತ ಹೆಣೆದ ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ನಾನು ಪುಸ್ತಕ ತಂದು ಅವರ ಕೈಗಿಟ್ಟೆ. “ಓದ್ಲಿಕ್ಕೆ ನನ್ನಲ್ಲಿ ಮಾವನ ವಹಿ ಉಂಟಲ್ಲ ರಾಯ್ರೆ” ಎಂದು ಹಿಂದಿರುಗಿಸಿದರು.

ಗಿರಣಿ ಸತ್ತ ಮೇಲೆ ಉಳಿದದ್ದು ಜಾಗ. 1991ರಲ್ಲಿ ಸರಕಾರ ಒಂದು ಚಂದದ ನಿಯಮ ಮಾಡಿತು: ಮಿಲ್ಲಿನ ಭೂಮಿಯಲ್ಲಿ ಮೂರರಲ್ಲೊಂದು ಪಾಲು ಊರಿನ ಬಯಲಿಗೆ, ಇನ್ನೊಂದು ಸಾರ್ವಜನಿಕ ವಸತಿಗೆ, ಮತ್ತೊಂದು ಮಾಲೀಕನಿಗೆ. 2001ರಲ್ಲಿ ಅದಕ್ಕೊಂದು ತಿದ್ದುಪಡಿ ಬಂತು: ಪಾಲು ಮಾಡಬೇಕಾದ್ದು ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ. ಇದನ್ನು ಶೆಟ್ರಷ್ಟು ಚೆನ್ನಾಗಿ ಯಾವ ವಕೀಲರೂ ನನಗೆ ತಿಳಿಸಲಿಲ್ಲ: “ಮೂರು ಜನ ದೋಸೆ ಹಂಚಿಕೊಳ್ಳಿ ಅಂತ ಹೇಳಿದ್ರು. ಮತ್ತೆ, ದೋಸೆ ಮುಟ್ಬೇಡಿ, ತಟ್ಟೆಯಲ್ಲಿ ದೋಸೆ ಇಲ್ಲದ ಜಾಗ ಉಂಟಲ್ಲ, ಅದನ್ನು ಹಂಚಿಕೊಳ್ಳಿ ಅಂತ ಹೇಳಿದ್ರು.” ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಯಿತು, 2006ರಲ್ಲಿ ತಿದ್ದುಪಡಿಯೇ ಗೆದ್ದಿತು. ಅಷ್ಟರಲ್ಲಾಗಲೇ 2005ರ ಹರಾಜಿನಲ್ಲಿ ಮುಂಬಯಿ ಟೆಕ್ಸ್‌ಟೈಲ್ ಮಿಲ್ಲಿನ ಹದಿನೇಳು ಎಕರೆ 702 ಕೋಟಿಗೆ ಹೋಗಿತ್ತು. ಏಳು ವರ್ಷ ಬಿಟ್ಟು ಅದೇ ಜಾಗ ಇನ್ನೊಬ್ಬರ ಕೈಗೆ ಹೋದಾಗ ಬೆಲೆ 2,700 ಕೋಟಿ ದಾಟಿತ್ತು. ಫೀನಿಕ್ಸ್ ಮಿಲ್ಲಿನಲ್ಲಿ ಮಾಲ್ ಬಂತು. ಚಿಮಣಿ ಮಾತ್ರ ಹಾಗೇ ನಿಂತಿದೆ, ಹುಡುಗರು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಕಾರ್ಮಿಕರಿಗೆ ಸಿಕ್ಕಿದ್ದು ಲಾಟರಿ. ಸರಕಾರದ ವಸತಿ ಮಂಡಳಿ ಮ್ಹಾಡಾ 2012ರಲ್ಲಿ ಚೀಟಿ ಎತ್ತಿ 6,925 ಮನೆ ಹಂಚಿತು. ಒಂದೊಂದು 225 ಚದರ ಅಡಿ, ಬೆಲೆ ಏಳೂವರೆ ಲಕ್ಷ. ಅರ್ಜಿ ಹಾಕಿದವರು ಲಕ್ಷ ದಾಟಿದ್ದರು. ಮಾವನ ವಹಿಯಲ್ಲಿ ಹೆಸರಿದ್ದ ಒಬ್ಬ ಮುದುಕರಿಗೆ ಆ ಸಲ ಚೀಟಿ ಬಂತು. ಪೇಢೆ ಹಿಡಿದುಕೊಂಡು ಶೆಟ್ರ ಮನೆಗೆ ಬಂದು, ವಹಿ ತೆಗೆಸಿ, ತಮ್ಮ ಬಾಕಿ ಎಷ್ಟೆಂದು ಕೇಳಿದರು. ಶೆಟ್ರು ಕನ್ನಡಕ ಹಾಕಿಕೊಂಡು ಪುಟ ತಿರುವಿ, “ಇದರಲ್ಲಿ ನಿಮ್ಮ ಹೆಸರೇ ಇಲ್ಲ ಕಾಕಾ, ಗೆದ್ದಲು ತಿಂದಿದೆ” ಎಂದರಂತೆ. ವಹಿ ಈಗಲೂ ಕಪಾಟಿನಲ್ಲಿದೆ. ಗೆದ್ದಲು ಮುಟ್ಟಿಲ್ಲ, ನಾನು ನೋಡಿದ್ದೇನೆ.

ಇಂಥ ನೆಲದಲ್ಲಿ ನಮ್ಮ ಮಗ ಮನೆ ಹುಡುಕಲು ಹೊರಟ. ಮೊದಲು ಗೊತ್ತಾದದ್ದು, ತಾನು ಹುಟ್ಟಿ ಬೆಳೆದ ಕಡೆ ಈಗ ಬೇರೆ ಊರಾಗಿದೆ ಎಂಬುದು. ಲೋವರ್ ಪರೇಲ್ ಏಜೆಂಟರ ಬಾಯಲ್ಲಿ ‘ಅಪ್ಪರ್ ವರಳಿ’. ವಡಾಳಾದಲ್ಲಿ ಎದ್ದ ಒಂದು ಯೋಜನೆಗೆ ‘ನ್ಯೂ ಕಫ್ ಪರೇಡ್’ ಎಂದೇ ಹೆಸರು. “ಡೊಂಬಿವಲಿಯಲ್ಲಿರುವ ನನ್ನ ತಮ್ಮನಿಗೆ ಹೇಳ್ಬೇಕು, ಸ್ವಲ್ಪ ತಡಿ, ನೀನೂ ಮಲಬಾರ್ ಹಿಲ್ಲಿಗೆ ಬರ್ತಿ ಅಂತ” ಎಂದರು ಶೆಟ್ರು.

ಆಮೇಲೆ ಅಳತೆಯ ಅಧ್ಯಾಯ. ಸಾವಿರ ಚದರ ಅಡಿ ಎಂದು ತೋರಿಸಿದ ಮನೆಯಲ್ಲಿ ಮಗ ಸೊಸೆ ಇಬ್ಬರೂ ಒಟ್ಟಿಗೆ ತಿರುಗಿದರೆ ಮೊಣಕೈ ತಾಗುತ್ತಿತ್ತು. ವಿಚಾರಿಸಿದರೆ ಅದು ‘ಸೂಪರ್ ಬಿಲ್ಟ್ ಅಪ್’. ಅದರಲ್ಲಿ ಲಿಫ್ಟು, ಮೆಟ್ಟಿಲು, ಲಾಬಿ, ಕ್ಲಬ್ಬಿನಲ್ಲಿ ನಮ್ಮ ಪಾಲು ಎಲ್ಲ ಸೇರಿದೆ. 2016ರ ರೇರಾ ಕಾಯ್ದೆ ಬಂದ ಮೇಲೆ ಬಿಲ್ಡರ್ ಹೇಳಬೇಕಾದ್ದು ಕಾರ್ಪೆಟ್ ಅಳತೆಯನ್ನು: ಹೊರಗೋಡೆ, ಬಾಲ್ಕನಿ ಬಿಟ್ಟು ಒಳಗೆ ಬಳಸಲು ಸಿಗುವ ನೆಲ. ಏಜೆಂಟರ ನಾಲಗೆ ಇನ್ನೂ ಹಳೆಯದರಲ್ಲೇ ಹೊರಳುತ್ತದೆ. ಸ್ಯಾಂಪಲ್ ಫ್ಲಾಟಿನ ಮಾಯೆಯೂ ಕಡಿಮೆಯದಲ್ಲ. ಅಲ್ಲಿನ ಮಂಚದಲ್ಲಿ ನಮ್ಮ ಶೆಟ್ರು ಮಲಗಿದರೆ ಮೊಣಕಾಲಿನಿಂದ ಕೆಳಗೆ ಹೊರಗುಳಿಯುತ್ತಾರೆ. ಬಾಗಿಲುಗಳನ್ನು ತೆಗೆದೇ ಇಟ್ಟಿರುತ್ತಾರೆ, ಜಾಗ ದೊಡ್ಡದಾಗಿ ಕಾಣಲಿ ಎಂದು.

ಮೂರನೆಯದು ಓ.ಸಿ. ಮಹಾನಗರ ಪಾಲಿಕೆ ‘ಇನ್ನು ವಾಸ ಮಾಡಬಹುದು’ ಎಂದು ಕೊಡುವ ಪತ್ರ. ಅಗ್ಗಕ್ಕೆ ಸಿಗುತ್ತದೆ, ಓ.ಸಿ. ಬರುತ್ತದೆ ಎಂದು ಹೇಳಿದ ಒಂದು ಮನೆಯ ಕಡೆ ಮಗ ವಾಲುತ್ತಿದ್ದ. ನಾನು ವರಳಿಯ ಕ್ಯಾಂಪಾ ಕೋಲಾ ಕಾಂಪೌಂಡಿನ ಪುರಾಣ ತೆಗೆದೆ. 1980ರ ದಶಕದಲ್ಲಿ ಐದಾರು ಮಹಡಿಗೆ ಒಪ್ಪಿಗೆ ಪಡೆದ ಜಾಗದಲ್ಲಿ ಇಪ್ಪತ್ತರವರೆಗೆ ಏರಿಸಿ ಮಾರಿದರು. ಕೊಂಡವರು ಸಂಸಾರ ಹೂಡಿ, ಮಕ್ಕಳ ಮದುವೆ ಮಾಡಿ ಮೂರು ದಶಕ ಕಳೆಯುವ ಹೊತ್ತಿಗೆ, 2013ರಲ್ಲಿ, ಮೇಲಿನ ಮಹಡಿಗಳನ್ನು ಕೆಡವಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಟ್ಟಿದವರು ದುಡ್ಡು ಎಣಿಸಿ ಹೋಗಿದ್ದರು, ಬೀದಿಗೆ ಬಿದ್ದವರು ಕೊಂಡವರು. “ಬರ್ತದೆ ಅಂತ ಹೇಳಿದ ಓ.ಸಿ., ಬರ್ತೇನೆ ಅಂತ ಹೇಳಿದ ನೆಂಟ, ಎರಡನ್ನೂ ನಂಬಿ ಅಕ್ಕಿ ಹಾಕ್ಬಾರ್ದು” ಎಂದರು ಶೆಟ್ರು.

ನಾಲ್ಕನೆಯದು ಹೊಟ್ಟೆಯ ಪರೀಕ್ಷೆ. ನಮ್ಮ ಸೊಸೆ ಮಾಲವಣದವಳು. ಮಂಗಳವಾರ, ಗುರುವಾರ ಬಿಟ್ಟರೆ ಮೀನಿಲ್ಲದೆ ಅನ್ನ ಇಳಿಯದು. ಮಗ ನಮ್ಮಂತೆ ಸೊಪ್ಪುಸದೆಯವನು. ಒಂದು ಸೊಸೈಟಿಯವರು ‘ವೆಜ್ಜೋ ನಾನ್‌ವೆಜ್ಜೋ’ ಎಂದು ಕೇಳಿದಾಗ ಇವನು ‘ಅರ್ಧ’ ಎಂದನಂತೆ. ಅರ್ಧಕ್ಕೆ ಅಲ್ಲಿ ಜಾಗವಿರಲಿಲ್ಲ. ಐದನೆಯದು ಸ್ಟಾಂಪ್ ಡ್ಯೂಟಿ. ಮುಂಬಯಿಯಲ್ಲಿ ಮೆಟ್ರೋದ ಒಂದು ಸೇರಿ ಶೇಕಡಾ ಆರು. ಮನೆ ಹೆಂಗಸಿನ ಹೆಸರಿಗೇ ಆದರೆ ಐದು. ಒಂದು ಪರ್ಸೆಂಟ್ ಉಳಿಯಿತೆಂದು ಮಗ ಕುಣಿದಾಡಿದ. “ಮನೆ ಅವಳ ಹೆಸರಿಗೆ, ಸಾಲದ ಕಂತು ಇವನ ಹೆಸರಿಗೆ. ನಮ್ಮ ಕಾಲದಲ್ಲಿ ಇಂಥ ಒಳ್ಳೆ ಕಾನೂನು ಇರಲಿಲ್ಲ” ಎಂದಳು ನನ್ನವಳು, ನನ್ನ ಮುಖ ನೋಡದೆ.

ಮನೆ ನೋಡುವ ವಿಷಯದಲ್ಲಿ ಶೆಟ್ರದು ಒಂದೇ ಶಾಸ್ತ್ರ: ಏಜೆಂಟನ ಕಾರಿನಲ್ಲಿ ಭಾನುವಾರ ಹೋಗಬಾರದು, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ಟೇಷನ್ನಿನಿಂದ ನಡೆದು ಹೋಗಬೇಕು. ಇದು ತಮಾಷೆಯ ಮಾತಲ್ಲ. ಮಿಲ್ಲಿನ ಕಾಲದ ಗಲ್ಲಿ, ಬ್ರಿಟಿಷರ ಕಾಲದ ಸೇತುವೆ ಹಾಗೆಯೇ ಉಳಿದವು. ಅವುಗಳ ತಲೆಯ ಮೇಲೆ ಐವತ್ತು ಅರವತ್ತು ಮಹಡಿ, ಮಹಡಿಗೆ ತಕ್ಕ ಕಾರು, ಗಾಜಿನ ಕಚೇರಿಗಳಿಗೆ ತಕ್ಕ ಜನ ಬಂದರು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಕಿರಿದಾದ ಪಾದಚಾರಿ ಸೇತುವೆಯ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ಅದೇ ಡಿಸೆಂಬರಿನಲ್ಲಿ ಕಮಲಾ ಮಿಲ್ಸ್ ಆವರಣದ ಛಾವಣಿಯ ಹೋಟೆಲಿಗೆ ಬೆಂಕಿ ಬಿದ್ದು 14 ಜನ. ಮರುವರ್ಷ ಎಲ್ಫಿನ್‌ಸ್ಟನ್ ಸ್ಟೇಷನ್ನಿಗೆ ಪ್ರಭಾದೇವಿ ಎಂದು ಹೆಸರು ಬದಲಾಯಿತು. ಲೋವರ್ ಪರೇಲಿನ ಡಿಲೈಲ್ ಸೇತುವೆ ಆ ವರ್ಷವೇ ಅಪಾಯವೆಂದು ಮುಚ್ಚಿದ್ದು, ಪೂರ್ತಿ ತೆರೆಯಲು 2023ರ ನವೆಂಬರ್ ಬರಬೇಕಾಯಿತು. 2025ರ ಸೆಪ್ಟೆಂಬರಿನಿಂದ ವಾಹನ ಓಡಾಡುವ ಎಲ್ಫಿನ್‌ಸ್ಟನ್ ಸೇತುವೆಯೂ ಇಲ್ಲ. ಶಿವಡಿ–ವರಳಿ ರಸ್ತೆಗಾಗಿ ಅದನ್ನು ಮುಚ್ಚಿದರು. ಬ್ರೋಷರಿನಲ್ಲಿ ಸ್ಟೇಷನ್ ಮೂರು ನಿಮಿಷ ಎಂದಿರುತ್ತದೆ. ಗಿಡುಗನಿಗೆ ಮೂರೇ ನಿಮಿಷ, ಸುಳ್ಳಲ್ಲ.

ನನಗೆ ಅನಿಸುವುದಿಷ್ಟು. ಇಲ್ಲಿ ಮನೆ ಕೊಳ್ಳುವವನು ಒಳಗಿನ ಚದರ ಅಡಿಗೆ ದುಡ್ಡು ಕೊಡುತ್ತಾನೆ, ಆದರೆ ಬೆಲೆ ಹುಟ್ಟಿದ್ದು ಹೊರಗೆ. ಸ್ಟೇಷನ್ನು, ಮಾರುಕಟ್ಟೆ, ಲಾಲ್‌ಬಾಗಿನ ಚಿವಡಾ ಗಲ್ಲಿ, ಕೆ.ಇ.ಎಂ. ಆಸ್ಪತ್ರೆ, ಪಗಾರಕ್ಕೆ ಮೊದಲು ಊಟ ಹಾಕಿದ ಖಾನಾವಳಿ, ಇವನ್ನೆಲ್ಲ ಒಂದು ಬಾಳುವ ಊರಾಗಿ ಮಾಡಿದವರು ಎರಡೂವರೆ ಲಕ್ಷ ಕಾರ್ಮಿಕರು ಮತ್ತು ಅವರನ್ನು ನಂಬಿದವರು. ಆ ಲೆಕ್ಕ ಯಾರ ಕರಾರುಪತ್ರದಲ್ಲೂ ಬರುವುದಿಲ್ಲ. ಈ ಮಾತು ಹೇಳಿದರೆ ಮಗ, “ಅಪ್ಪಾ, ಇದನ್ನು ಬ್ಯಾಂಕಿನವರಿಗೆ ಹೇಳಿದರೆ ಬಡ್ಡಿ ಕಡಿಮೆ ಮಾಡ್ತಾರಾ?” ಎನ್ನುತ್ತಾನೆ. ಅವನದೂ ತಪ್ಪಲ್ಲ.

ಕೊನೆಗೆ ಪರೇಲಿನಲ್ಲಿ ಒಂದು ಹಳೆಯ ಸೊಸೈಟಿಯಲ್ಲಿ ಮನೆ ಕುದುರಿತು. ಈಜುಕೊಳವಿಲ್ಲ, ಓ.ಸಿ. ಇದೆ, ಮೀನಿಗೆ ತಕರಾರಿಲ್ಲ. ಕಾರ್ಪೆಟ್ 410. ಸಾಲ ಇಪ್ಪತ್ತು ವರ್ಷ. ಟೋಕನ್ ಕೊಡುವ ಮೊದಲು ಶೆಟ್ರು ಕಡೆಯ ಪಾಠ ಹೇಳಿದರು: “ಬಿಲ್ಡರನ್ನು ಕೇಳ್ಬೇಡ, ಕಮಿಟಿಯನ್ನು ಕೇಳ್ಬೇಡ. ಕಟ್ಟಡದ ಕೆಳಗೆ ಇಸ್ತ್ರಿ ಮಾಡುವವ ಇರ್ತಾನೆ, ಅವನನ್ನು ಕೇಳು. ಯಾರ ಮನೆಯಲ್ಲಿ ನೀರು ಸೋರ್ತದೆ, ಯಾರು ಮೈಂಟೆನೆನ್ಸ್ ಕಟ್ಟುದಿಲ್ಲ, ಯಾವ ಮನೆ ಯಾಕೆ ಖಾಲಿ ಆಯ್ತು, ಎಲ್ಲ ಅವನಿಗೆ ಗೊತ್ತು.”

ಮಗ ಎರಡು ಅಂಗಿ ಹಿಡಿದುಕೊಂಡು ಹೋದ. ಇಸ್ತ್ರಿಯವರು ಕೆಂಡ ಕೆದಕುತ್ತ ಎಲ್ಲ ಹೇಳಿದರು: ಲಿಫ್ಟು ಪರವಾಗಿಲ್ಲ, ನೀರು ಬೆಳಿಗ್ಗೆ ಮಾತ್ರ, ಸೆಕ್ರೆಟರಿ ಒಳ್ಳೆಯವನು, ಅವನ ಹೆಂಡತಿಯ ತಂಟೆಗೆ ಹೋಗಬೇಡಿ. ಆಮೇಲೆ ತಮ್ಮದನ್ನೂ ಹೇಳಿದರು. ಅವರು ಬಿ.ಡಿ.ಡಿ. ಚಾಳಿನವರು, ಅಜ್ಜ ಬಂದು ಹಿಡಿದ ಖೋಲಿ, ಮೂರು ತಲೆಮಾರು ಅದರಲ್ಲೇ. ಈಗ ಅವರ ಕಟ್ಟಡದ ಸರದಿ.

“ನಮಗೆ 500 ಬರುತ್ತೆ ಸಾಹೇಬ್, ಸಾಲ ಗೀಲ ಏನೂ ಇಲ್ಲ” ಎಂದು ಅಂಗಿ ಮಡಚಿ ಕೊಡುತ್ತ ಕೇಳಿದರಂತೆ, “ನಿಮ್ಮದು ಕಾರ್ಪೆಟ್ ಎಷ್ಟು?”

ಮಗ ಸೂಪರ್ ಬಿಲ್ಟ್ ಅಪ್ ಹೇಳಿ ಬಂದ.